ಅಮೆರಿಕದ ಜಾರ್ಜಿಯಾದ ಸಣ್ಣ ಊರಲ್ಲಿ, ಗಂಟೆಗೆ 35 ಮೈಲಿ ಮಿತಿಯ ಜಾಗದಲ್ಲಿ 52ರಲ್ಲಿ ಓಡಿಸಿದೆ ಎಂದು ದಂಡದ ಟಿಕೆಟ್ ಬಂದಿದೆ. ಇದು ನ್ಯಾಯವೇ? ಕಟ್ಟಿ ಮುಗಿಸಲೇ?

ನೀವು ಬರೆದಿರುವುದು ಇಷ್ಟು: ಅಟ್ಲಾಂಟಾದಿಂದ ಫ್ಲೋರಿಡಾ ಕಡೆಗೆ ಇಂಟರ್‌ಸ್ಟೇಟ್ ಎಂಬ ದೊಡ್ಡ ಹೆದ್ದಾರಿ ಬಿಟ್ಟು ಹಳೆಯ ಹೆದ್ದಾರಿ ಹಿಡಿದಿರಿ. 55 ಮೈಲಿ ಮಿತಿಯ ರಸ್ತೆ ಒಂದು ಸಣ್ಣ ಊರಿನ ಹತ್ತಿರ 35ಕ್ಕೆ ಇಳಿಯಿತು. ಬೋರ್ಡ್ ದಾಟಿದ್ದೇ ತಡ, ಹಿಂದೆ ನೀಲಿ ದೀಪ ಹೊತ್ತಿಕೊಂಡಿತು. 52 ಎಂದು ಟಿಕೆಟ್ ಬರೆದರು. ಸ್ನೇಹಿತರೆಲ್ಲ "ಕಟ್ಟಿ ಬಿಸಾಕು" ಎನ್ನುತ್ತಿದ್ದಾರೆ.

ಸದ್ಯಕ್ಕೆ ಕಟ್ಟಬೇಡಿ. ಆನ್‌ಲೈನಿನಲ್ಲಿ ದುಡ್ಡು ಕಟ್ಟಿದರೆ ತಪ್ಪು ಒಪ್ಪಿಕೊಂಡಂತೆ, ಕೇಸು ಅಲ್ಲಿಗೆ ಮುಗಿಯುತ್ತದೆ. ಜಾರ್ಜಿಯಾದಲ್ಲಿ ಅತಿವೇಗವನ್ನು ಪಾರ್ಕಿಂಗ್ ದಂಡದ ಸಾಲಿಗೆ ಸೇರಿಸಿಲ್ಲ, ಕಾನೂನಿನ ಲೆಕ್ಕದಲ್ಲಿ ಅದು ಮಿಸ್‌ಡಿಮೀನರ್, ಅಂದರೆ ಸಣ್ಣ ಕ್ರಿಮಿನಲ್ ಅಪರಾಧ. 17 ಮೈಲಿ ಹೆಚ್ಚು ಎಂದರೆ ಲೈಸೆನ್ಸಿನ ಮೇಲೆ 2 ಪಾಯಿಂಟ್ (ತಪ್ಪಿನ ಲೆಕ್ಕದ ಅಂಕ), ಅದರ ಹಿಂದೆಯೇ ಇನ್ಶೂರೆನ್ಸ್ ಕಂಪನಿಯ ಕಣ್ಣು. ದಂಡಕ್ಕಿಂತ ಪ್ರೀಮಿಯಂ ಏರಿಕೆಯೇ ಎಷ್ಟೋ ಜನರಿಗೆ ದುಬಾರಿ ಬೀಳುತ್ತದೆ.

ನ್ಯಾಯದ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ. ಊರೊಳಗೆ 35 ಎಂದರೆ 35, ಅದನ್ನು ಬಿಗಿಯಾಗಿ ಜಾರಿ ಮಾಡುವುದರಲ್ಲಿ ತಪ್ಪೇನೂ ಇಲ್ಲ. ವೇಗ ಇಳಿಸಿಕೊಳ್ಳಲು ಜಾಗವನ್ನೇ ಕೊಡದೆ ಹಿಡಿಯುವುದು ತಪ್ಪು. ಹಾಗೆ ಹಿಡಿದ ದುಡ್ಡಿನಿಂದ ಊರಿನ ಸಂಸಾರ ನಡೆಸುವುದು ಇನ್ನೂ ದೊಡ್ಡ ತಪ್ಪು. ಜಾರ್ಜಿಯಾದ ಕಾನೂನು ಇವೆರಡನ್ನೂ ಅಡಿ ಮತ್ತು ಶೇಕಡಾ ಲೆಕ್ಕದಲ್ಲಿ ಬರೆದಿಟ್ಟಿದೆ. ಹಾಗಾಗಿ ನಿಮ್ಮ ಟಿಕೆಟ್ ನ್ಯಾಯವೋ ಅಲ್ಲವೋ ಎಂಬುದನ್ನು ಬಹುಮಟ್ಟಿಗೆ ಅಳೆದೇ ನೋಡಬಹುದು.

ಮೊದಲು ಟಿಕೆಟ್ ಬರೆದವರು ಯಾರು ಎಂದು ನೋಡಿ. ಊರಿನ ಪೊಲೀಸೋ, ಕೌಂಟಿಯ (ಜಿಲ್ಲೆಯ) ಶೆರಿಫ್ ಕಚೇರಿಯೋ, ಜಾರ್ಜಿಯಾ ಸ್ಟೇಟ್ ಪಟ್ರೋಲ್ ಎಂಬ ರಾಜ್ಯ ಪೊಲೀಸೋ? ಮುಂದೆ ಹೇಳುವ ರಕ್ಷಣೆಗಳಲ್ಲಿ ಹೆಚ್ಚಿನವು ಊರು ಮತ್ತು ಕೌಂಟಿ ಪೊಲೀಸರನ್ನು ಕಟ್ಟಿಹಾಕಲು ಬಂದವು, ಸ್ಟೇಟ್ ಪಟ್ರೋಲಿಗೆ ಅವು ಅನ್ವಯಿಸುವುದಿಲ್ಲ. ಉದಾಹರಣೆಗೆ, ಮಿತಿಗಿಂತ 10 ಮೈಲಿಗೂ ಹೆಚ್ಚು ಇದ್ದರೆ ಮಾತ್ರ ಸ್ಥಳೀಯ ಪೊಲೀಸರು ರಡಾರ್ ಆಧಾರದಲ್ಲಿ ಕೇಸು ಹಾಕಬಹುದು. ಗುರುತು ಹಾಕಿದ ಶಾಲಾ ವಲಯದಲ್ಲಿ ಶಾಲೆಯ ಹೊತ್ತು, ಐತಿಹಾಸಿಕ ಬಡಾವಣೆ, ವಸತಿ ವಲಯ, ಇವಕ್ಕೆ ಈ ವಿನಾಯಿತಿ ಇಲ್ಲ. ನಿಮ್ಮದು 17 ಮೈಲಿ, ಆದ್ದರಿಂದ ಈ ನಿಯಮ ನಿಮ್ಮ ನೆರವಿಗೆ ಬಾರದು.

ನಿಮಗೆ ನೆರವಾಗಬಹುದಾದದ್ದು ಜಾರ್ಜಿಯಾ ಕಾನೂನಿನ 40-14-9ನೇ ಕಲಂ. ಊರಿನ ಮಿತಿಯೊಳಗೆ ವೇಗಮಿತಿ ಇಳಿಯುವ ಜಾಗದಿಂದ 300 ಅಡಿಯೊಳಗೆ, ಊರಿನ ಹೊರಗಾದರೆ 600 ಅಡಿಯೊಳಗೆ ವೇಗಮಾಪಕ ಬಳಸಿ ಪಡೆದ ಸಾಕ್ಷ್ಯವನ್ನು ಕೋರ್ಟು ಸ್ವೀಕರಿಸುವಂತಿಲ್ಲ. ಮಿತಿಯನ್ನು ಇಳಿಸಿ 30 ದಿನ ಆಗಿಲ್ಲದಿದ್ದರೂ ಸಾಕ್ಷ್ಯ ನಿಲ್ಲುವುದಿಲ್ಲ, ಕಾಮಗಾರಿ ವಲಯದಂಥ ಕೆಲವು ಕಡೆ ಬಿಟ್ಟು. ಶೇ. 7ಕ್ಕಿಂತ ಕಡಿದಾದ ಇಳಿಜಾರಿನಲ್ಲಂತೂ ಸಾಧನ ಬಳಸಲೇಬಾರದು. 40-14-7ರ ಪ್ರಕಾರ ನಿಂತ ಪೊಲೀಸ್ ಕಾರು ಎದುರಿಂದ ಬರುವವರಿಗೆ ಕನಿಷ್ಠ 500 ಅಡಿ ದೂರದಿಂದ ಕಾಣುವಂತಿರಬೇಕು. ಪೊದೆಯ ಹಿಂದೆ, ಜಾಹೀರಾತು ಫಲಕದ ಮರೆಯಲ್ಲಿ ಅಡಗಿ ರಡಾರ್ ಹಿಡಿಯುವುದಕ್ಕೆ ಆ ರಾಜ್ಯದ ಸ್ಥಳೀಯ ಪೊಲೀಸರಿಗೆ ಹಕ್ಕಿಲ್ಲ.

ಈ 300 ಅಡಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಿ, ನಿಮ್ಮ ಸಿಟ್ಟಿನ ಮೂಲ ಅಲ್ಲೇ ಇದೆ. 55 ಮೈಲಿಯಲ್ಲಿ ಕಾರು ಸೆಕೆಂಡಿಗೆ ಸುಮಾರು 81 ಅಡಿ ಓಡುತ್ತದೆ. 35ರಲ್ಲಿ ಸುಮಾರು 51 ಅಡಿ. ಬೋರ್ಡ್ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡು ಹಿಡಿಯಿರಿ, ಅಷ್ಟರಲ್ಲೇ 120 ಅಡಿ ಕಳೆಯಿತು. ಆಮೇಲೆ ಹಿತವಾಗಿ, ಹಿಂದಿನ ಸೀಟಿನಲ್ಲಿ ಮಲಗಿರುವ ಮಗುವಿಗೆ ಎಚ್ಚರವಾಗದಂತೆ ಬ್ರೇಕ್ ಒತ್ತಿದರೆ 55ರಿಂದ 35ಕ್ಕೆ ಬರಲು ಇನ್ನೂ 190 ಅಡಿ ಬೇಕು. ಒಟ್ಟು 310. ಬ್ರೇಕನ್ನು ಮುಟ್ಟಿಯೂ ಮುಟ್ಟದಂತೆ ಇಳಿಸಿದರೆ 500 ಅಡಿ ದಾಟುತ್ತದೆ. ಅಂದರೆ ಕಾನೂನು ಕೊಟ್ಟಿರುವ 300 ಅಡಿ ಔದಾರ್ಯವೇನಲ್ಲ, ಎಚ್ಚರದ ಚಾಲಕನಿಗೆ ಬೇಕಾದ ಅತಿ ಕನಿಷ್ಠ ಜಾಗ. ಅದಕ್ಕೇ ಒಳ್ಳೆಯ ರಸ್ತೆಯಲ್ಲಿ 35ರ ಬಿಳಿ ಬೋರ್ಡಿಗಿಂತ ಮೊದಲೇ ಬಾಣದ ಗುರುತಿನ ಹಳದಿ ವಜ್ರಾಕಾರದ ಮುನ್ಸೂಚನೆ ಫಲಕ ಇರುತ್ತದೆ. ಆ ಹಳದಿ ಫಲಕ ಇತ್ತೇ, ಮರದ ಕೊಂಬೆ ಅದನ್ನು ಮುಚ್ಚಿತ್ತೇ ಎಂಬುದನ್ನು ನೋಡಿಟ್ಟುಕೊಳ್ಳಿ. ಇತ್ತು, ಸ್ಪಷ್ಟವಾಗಿ ಕಾಣುತ್ತಿತ್ತು ಎಂದಾದರೆ ನಿಮ್ಮ ದೂರಿನ ಬಲ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಒಪ್ಪಿಕೊಳ್ಳಬೇಕು.

ಅಳೆಯುವುದು ಹೀಗೆ. ಗೂಗಲ್ ಮ್ಯಾಪಿನಲ್ಲಿ 35ರ ಬೋರ್ಡ್ ಇರುವ ಜಾಗದ ಮೇಲೆ ರೈಟ್ ಕ್ಲಿಕ್ ಮಾಡಿ ದೂರ ಅಳೆಯುವ ಆಯ್ಕೆ ತೆಗೆದುಕೊಳ್ಳಿ. ಬೋರ್ಡಿನಿಂದ ಪೊಲೀಸ್ ಕಾರು ನಿಂತಿದ್ದ ಜಾಗಕ್ಕೂ, ನಿಮ್ಮ ಕಾರು ರಡಾರಿಗೆ ಸಿಕ್ಕ ಜಾಗಕ್ಕೂ ಬೇರೆ ಬೇರೆಯಾಗಿ ಅಳೆಯಿರಿ. ಇಲ್ಲಿ ಬಹಳ ಜನ ಎಡವುತ್ತಾರೆ. ಕಾರು ಪಕ್ಕಕ್ಕೆ ನಿಲ್ಲಿಸಿದ ಜಾಗದಿಂದ ಅಳೆದು ಕೋರ್ಟಿಗೆ ಬರುತ್ತಾರೆ. ಪೊಲೀಸರು ಹಿಂದೆ ಬಂದು ನಿಲ್ಲಿಸುವಷ್ಟರಲ್ಲಿ ಕಾಲು ಮೈಲಿ ಆಗಿರುತ್ತದೆ, ಆ ಅಳತೆಗೆ ಬೆಲೆಯೇ ಇಲ್ಲ. ಸ್ಟ್ರೀಟ್ ವ್ಯೂ ಚಿತ್ರ ತೆಗೆದರೆ ಅದರ ಮೇಲಿನ ತಿಂಗಳು, ವರ್ಷ ನೋಡಿ. ಮೂರು ವರ್ಷ ಹಳೆಯ ಚಿತ್ರದಲ್ಲಿ ಬೋರ್ಡ್ ಬೇರೆ ಕಡೆ ಇದ್ದಿರಬಹುದು. ಸಾಧ್ಯವಿದ್ದರೆ ಯಾರಾದರೂ ಅತ್ತ ಹೋಗುವವರಿಂದ ಹೊಸ ಫೋಟೊ ತರಿಸಿ. ನಿಮ್ಮ ಕಾರಿನಲ್ಲಿ ಡ್ಯಾಶ್‌ಕ್ಯಾಮ್ ಇದ್ದರೆ ಇವತ್ತೇ ಆ ಕ್ಲಿಪ್ ಬೇರೆ ಕಡೆ ಉಳಿಸಿಕೊಳ್ಳಿ, ಇಲ್ಲವಾದರೆ ಕಾರ್ಡ್ ತುಂಬಿ ತಾನೇ ಅಳಿಸಿಹೋಗುತ್ತದೆ.

ಇನ್ನು ದಾಖಲೆ. ಜಾರ್ಜಿಯಾದ ಊರಿನ ಪೊಲೀಸರು ತಮಗೆ ತೋಚಿದ ರಸ್ತೆಯಲ್ಲಿ ರಡಾರ್ ಹಿಡಿಯುವಂತಿಲ್ಲ. ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆಯ ಪರವಾನಗಿ ಬೇಕು. ಅದರ ಜತೆಗೆ ಯಾವ ರಸ್ತೆಯಲ್ಲಿ ಎಲ್ಲಿಂದ ಎಲ್ಲಿಯವರೆಗೆ ಯಾವ ಮಿತಿ ಎಂಬ ಅನುಮೋದಿತ ಪಟ್ಟಿ ಇರಬೇಕು. ರಾಜ್ಯದ ಓಪನ್ ರೆಕಾರ್ಡ್ಸ್ ಕಾನೂನಿನಡಿ ಊರಿನ ಕಚೇರಿಗೆ ಒಂದು ಇಮೇಲ್ ಬರೆಯಿರಿ. ಪರವಾನಗಿ, ರಸ್ತೆಗಳ ಪಟ್ಟಿ, ಆ ಸಾಧನದ ವಾರ್ಷಿಕ ಪ್ರಮಾಣಪತ್ರ, ಅಧಿಕಾರಿಯ ರಡಾರ್ ತರಬೇತಿ ಪ್ರಮಾಣಪತ್ರ, ಆ ದಿನದ ಪರೀಕ್ಷೆಯ ದಾಖಲೆ, ಪೊಲೀಸ್ ಕಾರಿನ ವಿಡಿಯೊ, ಇಷ್ಟನ್ನೂ ಕೇಳಿ. ಮೂರು ಕೆಲಸದ ದಿನಗಳೊಳಗೆ ಅವರು ಉತ್ತರ ಕೊಡಬೇಕು. ಪಟ್ಟಿ ಬಂದ ಮೇಲೆ ಅದರಲ್ಲಿರುವ ಮಿತಿಯನ್ನೂ ಬೋರ್ಡಿನಲ್ಲಿರುವುದನ್ನೂ ಹೋಲಿಸಿ. ರಡಾರನ್ನು ಪಾಳಿಯ ಆರಂಭದಲ್ಲೂ ಕೊನೆಯಲ್ಲೂ ಪರೀಕ್ಷಿಸಬೇಕೆಂಬುದು ನಿಯಮ. ಟಿಕೆಟ್ ಬರೆಯುವ ಮೊದಲೇ, ರಡಾರ್ ಸರಿ ಇದೆಯೇ ಎಂದು ಪರೀಕ್ಷೆ ಮಾಡಿಸಲು ನಿಮಗೆ ಹಕ್ಕಿದೆ ಎಂದು ಅಧಿಕಾರಿ ಹೇಳಬೇಕಿತ್ತು. ಹೇಳಿದರೇ? ವಿಡಿಯೊದಲ್ಲಿ ಅದನ್ನೇ ಮೊದಲು ಕೇಳಿಸಿಕೊಳ್ಳಿ. ಆದರೆ ಈ ಸೂಚನೆಯ ನಿಯಮ ರಡಾರಿಗೆ ಸಂಬಂಧಿಸಿದ್ದು. ಅಳೆದದ್ದು ಲೇಸರಿನಿಂದ ಎಂದಿದ್ದರೆ ಈ ವಾದ ಹಿಡಿಯಬೇಡಿ.

"ರಡಾರ್ ಓರೆಯಾಗಿ ಹಿಡಿದಿದ್ದರು, ಅದಕ್ಕೇ ಹೆಚ್ಚು ತೋರಿಸಿದೆ" ಎಂಬ ವಾದವನ್ನೂ ಬಿಟ್ಟುಬಿಡಿ. ನಿಂತ ಕಾರಿನಿಂದ ಓರೆಯಾಗಿ ಹಿಡಿದರೆ ರಡಾರ್ ನಿಜವಾದ ವೇಗಕ್ಕಿಂತ ಕಡಿಮೆಯನ್ನೇ ತೋರಿಸುತ್ತದೆ, ಅಂದರೆ ಚಾಲಕನಿಗೇ ಲಾಭ.

ಕೋರ್ಟಿನ ದಿನ ಪ್ರಾಸಿಕ್ಯೂಟರ್ ಜತೆ ಮಾತಾಡಲು ಅವಕಾಶ ಸಿಗುವುದು ಸಾಮಾನ್ಯ. ನಿಮ್ಮ ಅಳತೆ, ಫೋಟೊ, ದಾಖಲೆಗಳಲ್ಲಿ ಕಂಡ ಲೋಪ ಮುಂದಿಡಿ. ಕೇಸು ಗಟ್ಟಿಯಾಗಿಯೇ ಇದೆ ಎನಿಸಿದರೆ ಕೇಳಬೇಕಾದದ್ದು ಒಂದೇ: 52 ಇದ್ದದ್ದನ್ನು 49 ಮಾಡಿ. 35ರಲ್ಲಿ 49 ಎಂದರೆ 14 ಮೈಲಿ ಹೆಚ್ಚು, ಜಾರ್ಜಿಯಾದಲ್ಲಿ 15ರ ಕೆಳಗೆ ಪಾಯಿಂಟ್ ಬೀಳುವುದಿಲ್ಲ. ಮೂರು ಮೈಲಿ ಇಳಿಕೆಗೆ ಅಷ್ಟು ಬೆಲೆಯಿದೆ. ಮೊದಲ ಸಲದ ತಪ್ಪಿಗೆ 17 ಮೈಲಿಗೆ ಮೂಲ ದಂಡದ ಗರಿಷ್ಠ ಮಿತಿ 125 ಡಾಲರ್, 14ಕ್ಕೆ 100 ಡಾಲರ್. ಅದರ ಮೇಲೆ ರಾಜ್ಯ ಹೇರಿದ ಸರ್‌ಚಾರ್ಜುಗಳು ಬೀಳುತ್ತವೆ. ಐದು ವರ್ಷಕ್ಕೊಮ್ಮೆ ಬಳಸಬಹುದಾದ ನೋಲೊ ಎಂಬ ದಾರಿಯೂ ಇದೆ. ತಪ್ಪೊಪ್ಪದೆ, ವಾದಿಸದೆ ದಂಡ ಕಟ್ಟುವುದು, ಪಾಯಿಂಟ್ ಬೀಳದು. 2 ಪಾಯಿಂಟಿಗಾಗಿ ಅದನ್ನು ಖರ್ಚು ಮಾಡಿಬಿಡಬೇಡಿ, ಮುಂದೆ ದೊಡ್ಡದಕ್ಕೆ ಬೇಕಾಗಬಹುದು. ಜ್ಯೂರಿ ವಿಚಾರಣೆ ಬೇಕೆಂದರೆ ಕೇಸು ಊರಿನ ಕೋರ್ಟಿನಿಂದ ಮೇಲಕ್ಕೆ ಹೋಗುತ್ತದೆ, ಆ ಹಕ್ಕೂ ನಿಮಗಿದೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕರ್ನಾಟಕದಲ್ಲಿ ಅತಿವೇಗದ ದಂಡ ರಾಜ್ಯದ ಖಜಾನೆಗೆ ಹೋಗುತ್ತದೆ, ರಸ್ತೆ ಹಾದುಹೋಗುವ ಪಟ್ಟಣ ಪಂಚಾಯಿತಿಗೆ ಅದರಿಂದ ಬಿಡಿಗಾಸಿಲ್ಲ. ಅಮೆರಿಕದಲ್ಲಿ ಸಾವಿರ ಜನರ ಊರಿಗೂ ಸ್ವಂತ ಪೊಲೀಸು, ಸ್ವಂತ ಕೋರ್ಟು ಇರಬಹುದು. ದಂಡದ ದೊಡ್ಡ ಪಾಲು ಊರಿನಲ್ಲೇ ಉಳಿಯುತ್ತದೆ. ಕಟ್ಟುವವರು ಹೊರಗಿನವರು, ಅಲ್ಲಿ ಓಟು ಹಾಕುವವರಲ್ಲ. ರೋಗದ ಬೇರು ಇಲ್ಲಿದೆ. ಜಾರ್ಜಿಯಾದ ಲುಡೊವಿಸಿ ಎಂಬ ಊರು ಫ್ಲೋರಿಡಾಕ್ಕೆ ಹೋಗುವವರನ್ನು ಸುಲಿಯುವುದಕ್ಕೆ ಎಷ್ಟು ಕುಖ್ಯಾತವಾಗಿತ್ತೆಂದರೆ, 1970ರಲ್ಲಿ ಗವರ್ನರ್ ಲೆಸ್ಟರ್ ಮ್ಯಾಡಾಕ್ಸ್ ಅವರೇ ಪ್ರಯಾಣಿಕರನ್ನು ಎಚ್ಚರಿಸುವ ದೊಡ್ಡ ಫಲಕ ಹಾಕಿಸಿದರು. ಫ್ಲೋರಿಡಾದ ವಾಲ್ಡೊದಲ್ಲಿ 301ನೇ ಹೆದ್ದಾರಿಯ ಒಂದು ಚಿಕ್ಕ ಭಾಗದಲ್ಲಿ ಆರು ಸಲ ವೇಗಮಿತಿ ಬದಲಾಗುತ್ತಿತ್ತು. 12 ಗಂಟೆಯ ಪಾಳಿಯಲ್ಲಿ 12 ಟಿಕೆಟ್ ಬರೆಯಲೇಬೇಕೆಂಬ ಒತ್ತಡವಿದೆ ಎಂದು ಅಲ್ಲಿಯ ಪೊಲೀಸರೇ ಹೊರಗೆ ಹೇಳಿದರು. 2014ರಲ್ಲಿ ಊರು ತನ್ನ ಪೊಲೀಸ್ ಇಲಾಖೆಯನ್ನೇ ಮುಚ್ಚಿತು. ಮರುವರ್ಷ ಫ್ಲೋರಿಡಾ ಟಿಕೆಟ್ ಕೋಟಾವನ್ನು ನಿಷೇಧಿಸಿತು. ಅಲಬಾಮಾದ ಬ್ರೂಕ್‌ಸೈಡಿನ ಜನಸಂಖ್ಯೆ 1,253. 2020ರಲ್ಲಿ ಆ ಊರಿನ ಆದಾಯದ ಶೇ. 49 ಬಂದದ್ದು ದಂಡ ಮತ್ತು ಜಪ್ತಿಯಿಂದ. ಅದು ಬಯಲಾದ ಮೇಲೆ 2022ರಲ್ಲಿ ಪೊಲೀಸ್ ಮುಖ್ಯಸ್ಥರು ರಾಜೀನಾಮೆ ಕೊಟ್ಟರು.

ಜಾರ್ಜಿಯಾದ 40-14-11ನೇ ಕಲಂ ಇದಕ್ಕೊಂದು ಗೆರೆ ಎಳೆದಿದೆ. ವೇಗಮಾಪಕದಿಂದ ಬಂದ ದಂಡ ಪೊಲೀಸ್ ಇಲಾಖೆಯ ಬಜೆಟ್ಟಿನ ಶೇ. 35 ಮುಟ್ಟಿದರೆ, ಸುರಕ್ಷತೆಗಾಗಿ ಅಲ್ಲದೆ ಬೇರೆ ಉದ್ದೇಶಕ್ಕೆ ಸಾಧನ ಬಳಸುತ್ತಿದ್ದಾರೆ ಎಂದೇ ಕಾನೂನು ಭಾವಿಸುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ಊರಿನದು. ಮಿತಿಗಿಂತ 20 ಮೈಲಿಗೂ ಹೆಚ್ಚು ಓಡಿದವರ ದಂಡವನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಇದು ಸರಿಯಾಗಿಯೇ ಇದೆ, 35ರ ಊರಲ್ಲಿ 60 ಓಡಿಸುವವನ ಪರ ಮರುಗಬೇಕಾಗಿಲ್ಲ. ಅದೇ ಓಪನ್ ರೆಕಾರ್ಡ್ಸ್ ಅರ್ಜಿಯಲ್ಲಿ ಹಿಂದಿನ ವರ್ಷದ ದಂಡದ ಮೊತ್ತವನ್ನೂ ಪೊಲೀಸ್ ಬಜೆಟ್ಟನ್ನೂ ಕೇಳಿ. ಶೇ. 35ರ ಹತ್ತಿರ ಬಂದರೆ ಸಾರ್ವಜನಿಕ ಸುರಕ್ಷತಾ ಇಲಾಖೆಗೆ ದೂರು ಕೊಡಿ, ಊರಿನ ರಡಾರ್ ಪರವಾನಗಿಯನ್ನು ಅಮಾನತಿನಲ್ಲಿಡುವ ಅಧಿಕಾರ ಅವರಿಗಿದೆ. ನಿಮ್ಮ ಒಂದು ಟಿಕೆಟ್ ವಜಾ ಆಗುವುದಕ್ಕಿಂತ ಆ ದೂರು ಹೆಚ್ಚು ಜನರಿಗೆ ಉಪಕಾರ.

ಆದರೂ ಆ 35ರ ಬೋರ್ಡನ್ನೇ ಮೋಸ ಎನ್ನಬೇಡಿ. ಅಮೆರಿಕದ ರಸ್ತೆ ಸುರಕ್ಷತಾ ಸಂಶೋಧನಾ ಸಂಸ್ಥೆ ಎಎಎ ಫೌಂಡೇಶನ್ 2011ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 32 ಮೈಲಿ ವೇಗದ ಕಾರು ಬಡಿದರೆ ಪಾದಚಾರಿ ಸಾಯುವ ಸಂಭವ ಸರಾಸರಿ ಶೇ. 25. 42ರಲ್ಲಿ ಶೇ. 50. 50 ಮೈಲಿಯಲ್ಲಿ ಶೇ. 75. ಇಂಥ ಊರುಗಳಲ್ಲಿ ಹೆದ್ದಾರಿಯೇ ಪೇಟೆಬೀದಿ. ಒಂದು ಬದಿಗೆ ಅಂಚೆ ಕಚೇರಿ, ಎದುರು ಬದಿಗೆ ಅಂಗಡಿ, ನಡುವೆ ದಾಟುವ ಮುದುಕರು. ನೀವು 52ರಲ್ಲಿ ಹೋಗುತ್ತಿದ್ದದ್ದು ಬೋರ್ಡಿನ ಬುಡದಲ್ಲೋ ಅಂಗಡಿ ಸಾಲಿನ ಮುಂದೆಯೋ ಎಂಬುದನ್ನು ನಿಮಗೆ ನೀವೇ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಎರಡನೆಯದಾದರೆ ದಂಡ ನ್ಯಾಯವೇ.

ಎರಡು ಎಚ್ಚರಿಕೆ. ಮುಂದೆ ಎಂದಾದರೂ ಪೊಲೀಸರು ನಿಲ್ಲಿಸಿದರೆ "ಇಲ್ಲೇ ಕೊಟ್ಟುಬಿಡುತ್ತೇನೆ" ಎಂದು ನೋಟು ತೆಗೆಯಬೇಡಿ, ಅಲ್ಲಿ ಅದು ಲಂಚದ ಗಂಭೀರ ಅಪರಾಧ. ಹಾಗೆಯೇ ಟಿಕೆಟ್ ಮೇಲಿನ ತಾರೀಖನ್ನು ತಪ್ಪಿಸಬೇಡಿ. ಹೋಗದೇ ಇದ್ದರೆ ವಾರಂಟ್ ಹೊರಡಬಹುದು, ಲೈಸೆನ್ಸ್ ಅಮಾನತಾಗಬಹುದು. ವೀಸಾದ ಮೇಲಿರುವವರಿಗೆ ವೇಗದ ಟಿಕೆಟ್ಟಿಗಿಂತ ಆ ವಾರಂಟೇ ತಲೆನೋವು. ಕೇಸು ಹೇಗೇ ಮುಗಿಯಲಿ, ಮುಗಿಯಿತು ಎಂಬ ಕೋರ್ಟಿನ ಕಾಗದದ ಸಹಿ ಮಾಡಿದ ಪ್ರತಿಯನ್ನು ಅವತ್ತೇ ಕ್ಲರ್ಕ್ ಹತ್ತಿರ ಕೇಳಿ ಪಡೆದು ಪಾಸ್‌ಪೋರ್ಟಿನ ಜತೆ ಇಟ್ಟುಕೊಳ್ಳಿ.