ರಾತ್ರಿ ಪಾಳಿಯಲ್ಲಿ ಎಷ್ಟು ಜನ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರೊಬ್ಬರು ಬರೆದಿದ್ದಾರೆ: “ಹಾಸಿಗೆ ಹಿಡಿದ ತಾಯಿಯನ್ನು ವೃದ್ಧಾಶ್ರಮದಲ್ಲಿ ಬಿಟ್ಟಿದ್ದೇವೆ. ಸೊಂಟದ ಹಿಂಭಾಗದಲ್ಲಿ ಹುಣ್ಣಾಗಿದೆ. ಕೇಳಿದರೆ, ಏರ್ ಬೆಡ್ ಹಾಕಿದ್ದೇವೆ, ಎಂಟು ಮಂದಿ ಕೆಲಸಕ್ಕಿದ್ದಾರೆ ಅನ್ನುತ್ತಾರೆ. ಬೇರೆ ಕಡೆ ಸೇರಿಸಬೇಕೇ?”

ಉತ್ತರ: ಎಂಟು ಮಂದಿ ಎಂಬ ಲೆಕ್ಕವನ್ನು ಮೊದಲು ಬಿಡಿಸಿ ನೋಡಿ. ವಾರಕ್ಕೆ 168 ಗಂಟೆ. ಒಬ್ಬರು 48 ಗಂಟೆ ದುಡಿದರೆ, ಹಗಲೂ ರಾತ್ರಿಯೂ ಒಂದು ಜಾಗ ತುಂಬಲು ಮೂರೂವರೆ ಜನ ಬೇಕು. ರಜೆ, ಜ್ವರ ಸೇರಿಸಿದರೆ ನಾಲ್ಕು. ಹಾಗಾಗಿ ಎಂಟು ಮಂದಿಯೆಂದರೆ ಯಾವ ಹೊತ್ತಿಗೂ ಇರುವುದು ಇಬ್ಬರೇ. ಅದರಲ್ಲಿ ಅಡುಗೆಯವರನ್ನೂ ಎಣಿಸಿದ್ದರೆ ರಾತ್ರಿಗೆ ಉಳಿಯುವುದು ಒಬ್ಬರು.

ಹಾಸಿಗೆ ಹಿಡಿದವರ ಮಗ್ಗುಲನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬದಲಿಸಬೇಕು. ಒಬ್ಬರೇ ಎಳೆದರೆ ಚರ್ಮ ಬಟ್ಟೆಗೆ ಉಜ್ಜಿ ಸುಲಿಯುತ್ತದೆ. ಇಬ್ಬರು ಅಡಿಯ ಬಟ್ಟೆ ಹಿಡಿದು ಎತ್ತಿ ಸರಿಸಬೇಕು. ಡೈಪರ್ ಬದಲಿಸಿ, ಒರೆಸಿ, ಮಗ್ಗುಲು ಮಾಡಿಸಲು ತಲಾ ಹತ್ತು ನಿಮಿಷ ಹಿಡಿದರೂ, ಅಂಥವರು ಹನ್ನೆರಡು ಮಂದಿ ಇದ್ದಲ್ಲಿ ಎರಡು ಗಂಟೆ ಅಲ್ಲಿಗೇ ಮುಗಿಯಿತು. ರಾತ್ರಿ ಪಾಳಿಯ ಹೆಂಗಸನ್ನು ಬೈದು ಪ್ರಯೋಜನವಿಲ್ಲ, ಅವರಿಂದ ಆಗದ ಕೆಲಸವದು. ಏರ್ ಬೆಡ್ ಒತ್ತಡ ತಗ್ಗಿಸುತ್ತದೆ, ಅಷ್ಟೆ. ಮಗ್ಗುಲು ಬದಲಿಸುವುದು ಆಗಲೂ ತಪ್ಪದು.

ಮಗ್ಗುಲಿನ ಚಾರ್ಟ್ ಕೇಳಿ. ರಾತ್ರಿ 10, 12, 2, 4 ಎಂದು ಒಂದೇ ಕೈಬರಹ, ಒಂದೇ ಶಾಯಿಯಲ್ಲಿ ಅಚ್ಚುಕಟ್ಟಾಗಿ ತುಂಬಿದ್ದರೆ ಬೆಳಗ್ಗೆ ಒಟ್ಟಿಗೆ ಬರೆದಿರಬಹುದು. ಹೇಳದೆ ಹೋಗಿ, ‘ಎಡ’ ಎಂದು ಬರೆದ ಹೊತ್ತಿಗೆ ತಾಯಿ ಎಡಕ್ಕೇ ಮಲಗಿದ್ದಾರಾ ನೋಡಿ. ಹಿಮ್ಮಡಿ, ಸೊಂಟದ ಬದಿಗಳನ್ನೂ ನೋಡಿ. ಕೆಂಪಾದಲ್ಲಿ ಬೆರಳೊತ್ತಿ ಬಿಟ್ಟಾಗ ಬಣ್ಣ ಮಾಸದಿದ್ದರೆ ಅದು ಹುಣ್ಣಿನ ಮೊದಲ ಹಂತ. ಕಪ್ಪು ಮೈಯಲ್ಲಿ ಕೆಂಪು ಕಾಣಿಸದು. ಬಿಸಿಯೋ ಗಟ್ಟಿಯೋ ಆಗಿದೆಯೇ ಎಂದು ಮುಟ್ಟಿ ತಿಳಿಯಬೇಕು. ಅಲ್ಲಿ ಎಣ್ಣೆ ಹಾಕಿ ತಿಕ್ಕಬಾರದು.

ನಮ್ಮ ಕಡೆ ಇನ್ನೊಂದು ತೊಂದರೆಯಿದೆ. ತುಳು, ಕನ್ನಡ ಮಾತ್ರ ಬರುವ ಅಜ್ಜಿಗೆ ರಾತ್ರಿ ಇರುವವರು ಮಲಯಾಳದವರು. ನೀರು, ನೋವು, ಉಚ್ಚೆ, ಚಳಿ, ಈ ಮಾತುಗಳಿಗೆ ತಾಯಿ ಏನೆನ್ನುತ್ತಾರೋ ಅದನ್ನು ಮಲಯಾಳ ಲಿಪಿಯಲ್ಲಿ ಬರೆದು ಮಂಚದ ಹತ್ತಿರ ಅಂಟಿಸಿ.

ಸದ್ಯಕ್ಕೆ ಜಾಗ ಬದಲಿಸಬೇಡಿ. ಹುಣ್ಣು ಕಪ್ಪಾಗಿದ್ದರೆ, ವಾಸನೆ ಅಥವಾ ಜ್ವರವಿದ್ದರೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಇಲ್ಲವಾದರೂ ವೈದ್ಯರಿಗೆ ತೋರಿಸಿ, ರಾತ್ರಿ ಇಬ್ಬರು ಬೇಕೆಂದು ಆಶ್ರಮಕ್ಕೆ ಬರೆದುಕೊಡಿ. ವಾರದಲ್ಲಿ ಬದಲಾಗದಿದ್ದರೆ ಹೊಸ ಜಾಗ ಹುಡುಕಿ. ಅಲ್ಲೂ ಮೊದಲು ಕೇಳಬೇಕಾದ್ದು ರಾತ್ರಿ ಪಾಳಿಯ ಲೆಕ್ಕವನ್ನೇ. ದೂರಿಗೆ ಜಿಲ್ಲಾ ಸಾಮಾಜಿಕ ನ್ಯಾಯ ಕಚೇರಿಯಿದೆ, ಹಿರಿಯರ ಸಹಾಯವಾಣಿ 14567 ಇದೆ. ದೂರನ್ನು ಕನ್ನಡದಲ್ಲೇ ಬರೆಯಬಹುದು.