ಉ: ಗ್ರೂಪ್ ತುಂಬ ಸುತ್ತೋಲೆ, ಗಣಿತ ಎಲ್ಲಿ ಕೇಳಲಿ?

ಮೇಡಂ, ಐದು ವಾಟ್ಸಾಪ್ ಗ್ರೂಪಿನಲ್ಲಿದ್ದರೂ ಸುತ್ತೋಲೆ, ಗುಡ್ ಮಾರ್ನಿಂಗ್ ಬಿಟ್ಟು ಆರನೇ ತರಗತಿ ಗಣಿತಕ್ಕೆ ಏನೂ ಸಿಗುತ್ತಿಲ್ಲ ಅಂದಿದ್ದೀರಿ. ದೊಡ್ಡ ಗ್ರೂಪಿನಲ್ಲಿ ಸಿಗುವುದೂ ಇಲ್ಲ ಬಿಡಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯವರೂ ಇರುವ ಕಡೆ "ಭಿನ್ನರಾಶಿ ಕಲಿಸೋಕೆ ನನಗೆ ಕಷ್ಟ" ಅಂತ ಯಾರು ಬರೆಯುತ್ತಾರೆ?

ನಿಮ್ಮ ಕ್ಲಸ್ಟರಿನಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ, ಗಣಿತ ತೆಗೆದುಕೊಳ್ಳುವ ಏಳೆಂಟು ಜನರದ್ದೇ ಬೇರೆ ಗ್ರೂಪ್ ಮಾಡಿ. ಮೊದಲು ಒಂದು ನೋಟ್‌ಬುಕ್ ಪುಟದ ಫೋಟೋ ಹಾಕಿ. 1/2 + 1/3 = 2/5 ಅಂತ ಯಾರಾದರೂ ಬರೆದೇ ಇರುತ್ತಾರೆ, ಅದೇ ಸಾಕು. "ಹೇಗೆ ಕಲಿಸಲಿ" ಅಂತ ಕೇಳಿದರೆ ಯೂಟ್ಯೂಬ್ ಲಿಂಕ್ ಬರುತ್ತದೆ. "ಈ ಮಗು ಹೀಗೇಕೆ ಕೂಡಿಸಿತು" ಅಂತ ಕೇಳಿ, ಆಗ ಮಾತು ಶುರುವಾಗುತ್ತದೆ. ಒಬ್ಬರು ಕಾಗದದ ಪಟ್ಟಿ ಮಡಚಿ ತೋರಿಸುತ್ತಾರೆ. ಇನ್ನೊಬ್ಬರು, "ಅರ್ಧಕ್ಕೆ ಇನ್ನಷ್ಟು ಸೇರಿಸಿದರೂ ಉತ್ತರ ಅರ್ಧಕ್ಕಿಂತ ಕಡಿಮೆ ಬಂತಲ್ಲ, ಮಕ್ಕಳನ್ನೇ ಕೇಳಿ ನೋಡಿ" ಅನ್ನುತ್ತಾರೆ.

ತಿಂಗಳ ಸಮಾಲೋಚನಾ ಸಭೆ ಮುಗಿದ ಮೇಲೆ ಇದೇ ಜನ ಚಹಾ ಕುಡಿಯುತ್ತಾ ಅರ್ಧ ಗಂಟೆ ಕೂತುಕೊಳ್ಳಿ. ಹಾಜರಿ, ವರದಿ ದಯವಿಟ್ಟು ಬೇಡ. ಬಂದರೆ ಅದೂ ಇನ್ನೊಂದು ಸಭೆಯಾಗುತ್ತದೆ. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಕಾರ್ಡು, ಚಟುವಟಿಕೆಗಳಿಂದ ಕಲಿಸುವ ಇಂದಿನ ನಲಿ-ಕಲಿಯೂ 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಒಟ್ಟಿಗೆ ಕೂತು ಕಾರ್ಡು ಬರೆದು ಶುರು ಮಾಡಿದ್ದು.

ರೇಖಾಗಣಿತಕ್ಕೆ ಆಕೃತಿ ಬರೆದು ತೋರಿಸುವ ಜಿಯೋಜೀಬ್ರಾ ಆ್ಯಪ್ ಹಾಕಿಕೊಳ್ಳಿ, ಫೋನಿನಲ್ಲೇ ಉಚಿತ. ಮಕ್ಕಳ ಹೆಸರು, ಮುಖ ಕಾಣುವ ಫೋಟೋ ಮಾತ್ರ ಯಾವ ಗ್ರೂಪಿಗೂ ಹಾಕಬೇಡಿ.