ಎಲ್ಲ ಬಗೆಯ ಎಚ್‌ಐವಿಯನ್ನೂ ಸೇರಿಸಿ ಒಂದೇ ಲಸಿಕೆ ಮಾಡಬಾರದೇಕೆ?

ಕೊರೊನಾಗೆ ವರ್ಷದೊಳಗೆ ಲಸಿಕೆ ಬಂತು, ಎಚ್‌ಐವಿಗೆ 40 ವರ್ಷವಾದರೂ ಇಲ್ಲ. ವೈರಸ್ ರೂಪ ಬದಲಿಸುವುದೇ ತೊಂದರೆಯಾದರೆ ಎಲ್ಲ ರೂಪಗಳನ್ನೂ ಬೆರೆಸಿ ಒಂದು ಲಸಿಕೆ ಮಾಡಬಹುದಲ್ವಾ ಅಂತ ಕೇಳಿದ್ದೀರಿ. ನಾನು ಇಮ್ಯುನಾಲಜಿ ಓದಿದವಳು. ನಿಮಗೆ ಹೊಳೆದ ಉಪಾಯವನ್ನು ವಿಜ್ಞಾನಿಗಳು ನಿಜಕ್ಕೂ ಮಾಡಿ ನೋಡಿದ್ದಾರೆ.

ಮೊದಲು ಈ ವೈರಸ್ ಎಷ್ಟು ಬದಲಾಗುತ್ತದೆ ಅನ್ನುವುದನ್ನು ನೋಡಿ. ಚಿಕಿತ್ಸೆ ಸಿಗದ ಒಬ್ಬರ ಮೈಯಲ್ಲಿ ದಿನಕ್ಕೆ ಸುಮಾರು 1,000 ಕೋಟಿ ಹೊಸ ವೈರಸ್ ಹುಟ್ಟುತ್ತವೆ. ನಕಲಾಗುವಾಗ ಆದ ತಪ್ಪನ್ನು ತಿದ್ದುವ ಏರ್ಪಾಡು ಅದರಲ್ಲಿಲ್ಲ. ಹೀಗಾಗಿ ಕೆಲವೇ ವರ್ಷಗಳಲ್ಲಿ ಒಬ್ಬರ ಮೈಯೊಳಗೆ ಬೆಳೆಯುವ ವೈವಿಧ್ಯ, ಇಡೀ ಪ್ರಪಂಚದಲ್ಲಿ ಒಂದು ವರ್ಷ ಓಡಾಡುವ ಫ್ಲೂ ವೈರಸ್‌ನ ವೈವಿಧ್ಯಕ್ಕೆ ಸಮನಾಗಿರುತ್ತದೆ.

ಇಷ್ಟನ್ನೂ ಸುಮ್ನೆ ಬೆರೆಸಲು ಆಗುವುದಿಲ್ಲ. ಅದಕ್ಕೇ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ವಿಜ್ಞಾನಿ ಬೆಟ್ ಕೋರ್ಬರ್ ಅವರ ತಂಡ 'ಮೊಸಾಯಿಕ್' ದಾರಿ ಹಿಡಿಯಿತು. ಹಳೇ ಸೀರೆಗಳ ತುಂಡು ಸೇರಿಸಿ ಕೌದಿ ಹೊಲಿಯುತ್ತಾರಲ್ಲ, ಹಾಗೆ. ನೂರಾರು ವೈರಸ್‌ಗಳಲ್ಲಿ ಹೆಚ್ಚಾಗಿ ಕಾಣುವ ತುಣುಕುಗಳನ್ನು ಕಂಪ್ಯೂಟರ್‌ನಲ್ಲಿ ಆರಿಸಿ, ಹೊಸ ಪ್ರೋಟೀನ್‌ಗಳನ್ನು ಕಟ್ಟಿದರು. ಈ ದಾರಿಯಲ್ಲಿ ತಯಾರಾದ ಲಸಿಕೆ ಪಡೆದ ಕೋತಿಗಳಲ್ಲಿ 67% ರಕ್ಷಣೆ ಸಿಕ್ಕಿತು. ಆಮೇಲೆ ಆಫ್ರಿಕಾ ಖಂಡದ ದಕ್ಷಿಣ ಭಾಗದ ದೇಶಗಳ ಸುಮಾರು 2,600 ಹೆಣ್ಣುಮಕ್ಕಳಲ್ಲಿ ಪ್ರಯೋಗ ನಡೆಯಿತು. 2021ರಲ್ಲಿ ಫಲಿತಾಂಶ ಬಂತು: ಬರೀ 25%. ಅದೂ ಕಾಕತಾಳೀಯ ಇರಬಹುದು ಅನ್ನುವಷ್ಟು ಕಡಿಮೆ. ಅಮೆರಿಕ, ಯುರೋಪ್ ಕಡೆಯ ಇನ್ನೊಂದು ಪ್ರಯೋಗವನ್ನು 2023ರ ಜನವರಿಯಲ್ಲಿ ನಿಲ್ಲಿಸಿದರು. ಆ ಸುದ್ದಿ ಓದಿದ ದಿನ ನನಗೆ ಬೇರೆ ಕೆಲಸವೇ ಸಾಗಲಿಲ್ಲ.

ಎಲ್ಲಿ ಎಡವಿತು? ಲಸಿಕೆ ಪಡೆದವರಲ್ಲಿ ಪ್ರತಿಕಾಯಗಳು (ರೋಗಾಣುವಿಗೆ ಅಂಟಿಕೊಳ್ಳಲು ಮೈ ತಯಾರಿಸುವ ಪ್ರೋಟೀನ್‌ಗಳು) ಬೇಕಾದಷ್ಟು ಹುಟ್ಟಿದವು. ವೈರಸ್‌ಗೆ ಅಂಟಿಕೊಂಡವು ಕೂಡ. ಆದರೆ ವೈರಸ್ ಜೀವಕೋಶದೊಳಗೆ ಹೋಗುವುದನ್ನು ತಡೆಯಲಿಲ್ಲ. ಎಚ್‌ಐವಿಯ ಹೊರ ಪ್ರೋಟೀನ್‌ನ ತೂಕದಲ್ಲಿ ಅರ್ಧದಷ್ಟು ನಮ್ಮದೇ ಮೈಯ ಸಕ್ಕರೆ, ಹಾಗಾಗಿ ಮೈ ಅದನ್ನು ಶತ್ರು ಅಂತ ಸುಲಭಕ್ಕೆ ಗುರುತಿಸುವುದಿಲ್ಲ. ಬದಲಾಗಲಾರದ ಜಾಗ ಅದರ ಸಂದಿಯಲ್ಲಿ ಅಡಗಿದೆ. ಸೋಂಕಿತರಲ್ಲಿ ಕೆಲವರಿಗೆ ಮಾತ್ರ, ಅದೂ ವರ್ಷಗಳು ಕಳೆದ ಮೇಲೆ, ಆ ಜಾಗವನ್ನು ಹಿಡಿಯುವ ಪ್ರತಿಕಾಯ ಬರುತ್ತದೆ. 2010ರಲ್ಲಿ ಪ್ರಕಟವಾದ 'ವಿಆರ್‌ಸಿ01' ಅಂಥದ್ದು. ಪರೀಕ್ಷಿಸಿದ ಎಚ್‌ಐವಿ ತಳಿಗಳಲ್ಲಿ ಸುಮಾರು 90% ಅನ್ನು ಅದು ತಡೆಯಿತು.

ಈಗಿನ ಯೋಚನೆ ಅಲ್ಲಿಂದ ಹಿಂದಕ್ಕೆ ನಡೆಯುವುದು. ಪ್ರತಿಕಾಯಗಳನ್ನು ತಯಾರಿಸುವುದು ಬಿ ಕೋಶ ಅನ್ನುವ ರಕ್ತಕಣ. ವಿಆರ್‌ಸಿ01 ಥರದ ಪ್ರತಿಕಾಯ ಮಾಡಬಲ್ಲ ಎಳೆಯ ಬಿ ಕೋಶ ನಮ್ಮಲ್ಲಿ ಬಹುತೇಕರ ಮೈಯಲ್ಲಿ ಮೊದಲಿಂದಲೇ ಇದೆ, ಆದರೆ ಸುಮಾರು 3 ಲಕ್ಷ ಎಳೆಯ ಬಿ ಕೋಶಗಳಲ್ಲಿ ಒಂದು. ಮಾಮೂಲಿ ವೈರಸ್ ಪ್ರೋಟೀನ್ ತೋರಿಸಿದರೆ ಅದು ಎಚ್ಚರಗೊಳ್ಳುವುದೇ ಇಲ್ಲ. ಅಮೆರಿಕದ ವಿಜ್ಞಾನಿ ವಿಲಿಯಂ ಶೀಫ್ ಅವರ ತಂಡ ಆ ಕೋಶವನ್ನೇ ಎಬ್ಬಿಸುವ ಪ್ರೋಟೀನ್ ರೂಪಿಸಿತು. ಮೊದಲ ಪ್ರಯೋಗದಲ್ಲಿ ಲಸಿಕೆ ಪಡೆದ 36 ಮಂದಿಯಲ್ಲಿ 35 ಮಂದಿಗೆ ಅದು ಎಚ್ಚರವಾಯಿತು. ಈ ಸಂಖ್ಯೆ ನೋಡಿ ನಾನು ನಿಜವಾಗಲೂ ಕುಣಿದಾಡಿದ್ದೆ! ಆದರೆ ಇದು ಮೊದಲ ಮೆಟ್ಟಿಲು ಅಷ್ಟೆ. ಎಚ್ಚರಗೊಂಡ ಕೋಶವನ್ನು ಬೇರೆ ಬೇರೆ ಡೋಸ್‌ಗಳಲ್ಲಿ, ನಿಜವಾದ ವೈರಸ್‌ನ ರೂಪಕ್ಕೆ ಹತ್ತಿರ ಹತ್ತಿರ ತರುತ್ತಾ ಪಳಗಿಸಬೇಕು. ಪ್ರೋಟೀನ್ ಬದಲು ಅದನ್ನು ತಯಾರಿಸುವ ಸೂಚನೆಯನ್ನೇ ಮೈಗೆ ಕೊಡುವ ಎಂಆರ್‌ಎನ್‌ಎ ರೂಪದಲ್ಲಿ ಈ ಕೆಲಸ ಮುಂದುವರಿದಿದೆ. ಅದರಲ್ಲಿ ಕೆಲವರಿಗೆ ಮೈಮೇಲೆ ಗಂಧೆ ಎದ್ದವು, ಅದನ್ನೂ ಬಗೆಹರಿಸಬೇಕಾಗಿದೆ.

ಆ 36ರಲ್ಲಿ ಉಳಿದ ಒಬ್ಬರ ಕಥೆ ನನಗೆ ಎಲ್ಲಕ್ಕಿಂತ ಮುಖ್ಯ. ಆ ಪ್ರತಿಕಾಯಕ್ಕೆ ಬೇಕಾದ ಜೀನ್‌ನ ಸರಿಯಾದ ರೂಪವೇ ಅವರಲ್ಲಿರಲಿಲ್ಲ. ಅಂದರೆ ವೈರಸ್‌ನ ವೈವಿಧ್ಯದ ಜೊತೆಗೆ ಜನರ ವೈವಿಧ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ರುವಾಂಡಾ ಮತ್ತು ದಕ್ಷಿಣ ಆಫ್ರಿಕಾದಲ್ಲೂ ಪ್ರಯೋಗ ಮಾಡಿದ್ದು ಅದಕ್ಕೇ ಒಳ್ಳೆಯದಾಯಿತು. ಭಾರತದಲ್ಲಿ ಜಾಸ್ತಿ ಇರುವುದೂ ದಕ್ಷಿಣ ಆಫ್ರಿಕಾದಲ್ಲಿರುವ ಅದೇ 'ಸಿ' ಉಪಬಗೆ. ಆದರೆ ನಮ್ಮ ಜೀನ್‌ಗಳನ್ನು ನಮ್ಮಲ್ಲೇ ನೋಡಬೇಕು. ಮುಂದಿನ ಮೆಟ್ಟಿಲುಗಳ ಪ್ರಯೋಗದಲ್ಲಿ ನಮ್ಮ ಜನರೂ ಇರಲೇಬೇಕು ಅಂತ ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ.